ಅಂಗಳದ ಅಂಕಕಾರ: ಹುಂಜ, ಮಕ್ಕಳು ಮತ್ತು ಮುಂಬಯಿ

ಹುಂಜಗಳ ಕಾಳಗಕ್ಕೆ ನಮ್ಮ ಕರಾವಳಿಯ ಕನ್ನಡದಲ್ಲಿರುವ ಹೆಸರು ‘ಕೋಳಿ ಅಂಕ’. ತುಳುವಿನಲ್ಲಿ ಅದು ‘ಕೋರಿ ಕಟ್ಟ’. ಇಲ್ಲಿನ ‘ಅಂಕ’ಕ್ಕೂ ಪರೀಕ್ಷೆಯ ಅಂಕಕ್ಕೂ ನಾಟಕದ ಅಂಕಕ್ಕೂ ಸಂಬಂಧವಿಲ್ಲ. ಹಳೆಯ ಕನ್ನಡದಲ್ಲಿ ಅಂಕವೆಂದರೆ ಇಬ್ಬರು ವೀರರು ಎದುರೆದುರು ನಿಂತು ಮಾಡುವ ದ್ವಂದ್ವಯುದ್ಧ. ಹಾಗೆ ಕಾದುವವನು ಅಂಕಕಾರ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳನ್ನು ವರ್ಣಿಸುವಾಗ ಅಂಕವಿನೋದ, ಮಲ್ಲವಿನೋದಗಳ ಸಾಲಿನಲ್ಲೇ ಕುಕ್ಕುಟ ವಿನೋದವೂ ಬರುತ್ತದೆ. ಮನುಷ್ಯ ವೀರರಿಗೆ ಮೀಸಲಾಗಿದ್ದ ಪದವನ್ನು ನಮ್ಮ ಭಾಷೆ ಮನೆಯಂಗಳದ ಒಂದು ಹಕ್ಕಿಗೂ ಕೊಟ್ಟಿತು. ಮನುಷ್ಯರ ಅಂಕ ನಿಂತು ಶತಮಾನಗಳೇ ಕಳೆದವು. ಪದವನ್ನು ಉಳಿಸಿಕೊಂಡದ್ದು ಕೋಳಿ.

ಈ ಅಂಕಕಾರನನ್ನು ಈಗ ನೆನೆಯಲು ಕಾರಣವಿದೆ. ವಸಯಿ, ಬದ್ಲಾಪುರ, ಉತ್ತನ್ ಕಡೆ ಸಾಲುಮನೆಯನ್ನೋ ಗಾವಠಾಣದ ಅಂಚಿನ ಸಣ್ಣ ಜಾಗವನ್ನೋ ಕೊಂಡ ನಮ್ಮವರ ಮನೆಗಳಲ್ಲಿ ಇತ್ತೀಚೆಗೆ ನಾಲ್ಕಾರು ಕೋಳಿಗಳು ಕಾಣತೊಡಗಿವೆ. ಊರಿನ ನೆನಪು, ಮಕ್ಕಳಿಗೆ ಮೊಟ್ಟೆ, ಗಾವಠಿ ಕೋಳಿಗೆ ಮಾರುಕಟ್ಟೆಯಲ್ಲಿರುವ ಬೆಲೆ, ಹೀಗೆ ಕಾರಣಗಳು ಹಲವು. ಐದಾರು ತಿಂಗಳಾದ ಮೇಲೆ ಹಲವರಿಂದ ಬರುವ ದೂರು ಮಾತ್ರ ಒಂದೇ: ಹುಂಜ ಮಗುವಿನ ಮೇಲೆ ಎರಗುತ್ತಿದೆ, ಮಗು ಅಂಗಳಕ್ಕಿಳಿಯಲು ಹೆದರುತ್ತಿದೆ. ‘ಊರಿನಲ್ಲಿ ಇಷ್ಟೊಂದು ಹುಂಜಗಳಿದ್ದವಲ್ಲ, ನಾವೆಲ್ಲ ಅವುಗಳ ನಡುವೆಯೇ ಆಡಿ ಬೆಳೆದೆವಲ್ಲ, ಇಲ್ಲೇಕೆ ಹೀಗೆ?’ ಎಂದು ಕೇಳುತ್ತಾರೆ. ಪ್ರಶ್ನೆ ಸಣ್ಣದಲ್ಲ, ಉತ್ತರಕ್ಕೆ ಕೋಳಿಯ ಚರಿತ್ರೆಯನ್ನು ಕೊಂಚ ಕೆದಕಬೇಕಾಗುತ್ತದೆ.

ಕೋಳಿ ಮನುಷ್ಯನ ಬಳಿಗೆ ಬಂದದ್ದು ಸಾರಿಗಾಗಿ ಎಂದು ನಾವು ಸಹಜವಾಗಿ ನಂಬಿದ್ದೇವೆ. ವಿದ್ವಾಂಸರು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಸಾಕುಕೋಳಿಯ ಮೂಲ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ನಮ್ಮ ಸಹ್ಯಾದ್ರಿಯ ಬೂದು ಕಾಡುಕೋಳಿಯ ಪಾಲೂ ಅದರಲ್ಲಿದೆ: ಹಲವು ತಳಿಗಳ ಹಳದಿ ಕಾಲು, ಹಳದಿ ಚರ್ಮಗಳಿಗೆ ಕಾರಣವಾದ ವಂಶವಾಹಿ ಬಂದದ್ದು ಅದರಿಂದ ಎಂದು 2008ರ ಸಂಶೋಧನೆಯೊಂದು ತೋರಿಸಿತು. ಸಾಕುಕೋಳಿಯ ಅತಿ ಹಳೆಯ ಖಚಿತ ಎಲುಬುಗಳು ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ ದೊರೆತವು. ಅವುಗಳ ಕಾಲ ಕ್ರಿಸ್ತಪೂರ್ವ 1650ರಿಂದ 1250ರ ನಡುವೆ ಎಂದು 2022ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಭತ್ತದಂಥ ಧಾನ್ಯಗಳ ಬೇಸಾಯ ಬಂದಾಗ ಉದುರಿದ ಕಾಳಿಗೆ ಕಾಡುಕೋಳಿ ಕಣದ ಹತ್ತಿರ ಬಂದಿತು, ಬಂದದ್ದು ಉಳಿಯಿತು. ಯುರೋಪಿಗೆ ಹೋದ ಮೊದಲ ಶತಮಾನಗಳಲ್ಲಿ ಅದನ್ನು ತಿನ್ನುತ್ತಿದ್ದ ಗುರುತು ಕಡಿಮೆ. ಇಡೀ ಕೋಳಿಗಳನ್ನು, ಕೆಲವೊಮ್ಮೆ ಮನುಷ್ಯರ ಜೊತೆಗೇ, ಹೂಳಿದ ಗುರುತುಗಳು ಸಿಕ್ಕಿವೆ. ಮೊಟ್ಟೆ ಮಾಂಸಗಳಿಗಿಂತ ಮೊದಲು ಹುಂಜದ ಕೂಗು, ಠೀವಿ ಮತ್ತು ಕಾದಾಟಗಳೇ ಮನುಷ್ಯನನ್ನು ಸೆಳೆದವೆಂದು ಹಲವರು ವಾದಿಸುತ್ತಾರೆ.

ಭಾರತದ ಸಾಹಿತ್ಯ ಈ ವಾದಕ್ಕೆ ಪುಷ್ಟಿ ಕೊಡುತ್ತದೆ. ಮನುಸ್ಮೃತಿ ದ್ವಿಜರಿಗೆ ಗ್ರಾಮಕುಕ್ಕುಟವನ್ನು ತಿನ್ನಬಾರದೆಂದು ವಿಧಿಸಿತು. ಅದೇ ಹೊತ್ತಿಗೆ ವಾತ್ಸ್ಯಾಯನನ 64 ಕಲೆಗಳ ಪಟ್ಟಿಯಲ್ಲಿ ಟಗರು, ಹುಂಜ, ಲಾವುಗೆಗಳನ್ನು ಕಾದಾಡಿಸುವ ವಿದ್ಯೆಯೂ ಸೇರಿದೆ. ದಂಡಿಯ ‘ದಶಕುಮಾರಚರಿತ’ದಲ್ಲಿ ನಾರಿಕೇಳ ಜಾತಿಯ ಹುಂಜಕ್ಕೂ ಬಲಾಕ ಜಾತಿಯ ಹುಂಜಕ್ಕೂ ನಡೆಯುವ ಕಾಳಗವಿದೆ, ಅಂದರೆ ಆ ಹೊತ್ತಿಗಾಗಲೇ ತಳಿಗಳನ್ನು ಹೆಸರಿಟ್ಟು ಗುರುತಿಸುವ ಕಣ್ಣು ಬೆಳೆದಿತ್ತು. ಚಾಣಕ್ಯನ ಹೆಸರಿನಲ್ಲಿರುವ ನೀತಿಗಳಲ್ಲಿ ಹುಂಜದಿಂದ ಕಲಿಯಬೇಕಾದ ನಾಲ್ಕು ಗುಣಗಳೆಂದು ಹೇಳಿರುವುದರಲ್ಲಿ ಬೇಗನೆ ಏಳುವುದರ ಜೊತೆಗೆ ಕಾದಾಡುವುದೂ ಒಂದು. ಸುಬ್ರಹ್ಮಣ್ಯನ ಧ್ವಜದಲ್ಲಿ ಹುಂಜ ನಿಂತದ್ದು ಅವನು ದೇವಸೇನಾನಿಯಾದುದರಿಂದಲೇ ಇರಬೇಕು. ತಮಿಳುನಾಡಿನ ವಿಲ್ಲುಪುರಂ ಜಿಲ್ಲೆಯ ಅರಸಲಾಪುರದಲ್ಲಿ ಕಾದಾಡಿ ಮಡಿದ ಹುಂಜವೊಂದಕ್ಕೆ ವೀರಗಲ್ಲನ್ನೇ ನಿಲ್ಲಿಸಿದ್ದಾರೆ. ನಮ್ಮಲ್ಲಿ ಹಂದಿಯೊಡನೆ ಹೋರಿ ಸತ್ತ ಕಾಳಿ ಎಂಬ ನಾಯಿಗೆ 10ನೆಯ ಶತಮಾನದ ಆತಕೂರಿನಲ್ಲಿ ಸಿಕ್ಕ ಗೌರವವನ್ನು ಓದುಗರು ಬಲ್ಲರು; ಹುಂಜಕ್ಕೂ ಅಂಥ ನೆರೆಯ ಸಾಕ್ಷಿಯುಂಟು.

ಹೀಗೆ ಇಂದು ತಂದೆತಾಯಂದಿರು ‘ಕೆಟ್ಟ ಬುದ್ಧಿ’ ಎನ್ನುವುದನ್ನೇ ಮನುಷ್ಯ ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಹುಂಜದಲ್ಲಿ ಮೆಚ್ಚಿದ, ಆರಿಸಿದ, ಬೆಳೆಸಿದ. ಆದರೆ ಇದರಿಂದ ಅವಸರದ ತೀರ್ಮಾನವೊಂದಕ್ಕೆ ಬರಬಾರದು. ಅಂಕದ ಹುಂಜ ಮನುಷ್ಯನ ಮೇಲೆ ಎರಗುವ ಹುಂಜವಲ್ಲ. ಕರಾವಳಿಯಲ್ಲಿ ಅಂಕಕ್ಕೆ ಹೊರಟವರನ್ನು ನೋಡಿದವರಿಗೆ ಇದು ಗೊತ್ತು. ಹುಂಜವನ್ನು ಕಂಕುಳಲ್ಲಿ ಅವುಚಿಕೊಂಡು ಮೈಲಿಗಟ್ಟಲೆ ನಡೆಯುತ್ತಾರೆ; ಕಣದ ಬದಿಯಲ್ಲಿ ಮಡಿಲಿನಲ್ಲಿಟ್ಟುಕೊಂಡು ಕೂರುತ್ತಾರೆ; ಗದ್ದಲದ ನಡುವೆ ಅದರ ಕಾಲಿಗೆ ಹರಿತವಾದ ಬಾಳು ಬಿಗಿಯುತ್ತಾರೆ. ಹಿಡಿದ ಕೈಯನ್ನೇ ಕುಕ್ಕುವ ಹಕ್ಕಿಗೆ ಬಾಳು ಕಟ್ಟುವ ಧೈರ್ಯ ಯಾರಿಗಿದೆ? ಎದುರಿನ ಹುಂಜದ ಮೇಲೆ ಬೆಂಕಿಯಾಗಬೇಕು, ಒಡೆಯನ ತೋಳಿನಲ್ಲಿ ಬೆಣ್ಣೆಯಾಗಬೇಕು, ಇದು ಅಂಕದವರು ಬಯಸುವ ಗುಣ. ಬೊಳ್ಳೆ, ಕೆಮ್ಮೈರೆ, ಗಿಡಿಯೆ, ಕುಪ್ಪುಳೆ ಎಂದು ಬಣ್ಣದ ಮೇಲೆ ಹೆಸರಿಟ್ಟು, ಯಾವ ದಿನ ಯಾವ ಬಣ್ಣಕ್ಕೆ ಜಯವೆಂದು ಕುಕ್ಕುಟ ಪಂಚಾಂಗ ತೆರೆದು ನೋಡುತ್ತಿದ್ದ ಜನ ಹಕ್ಕಿಯ ಸ್ವಭಾವವನ್ನೂ ಅಷ್ಟೇ ಸೂಕ್ಷ್ಮವಾಗಿ ನೋಡುತ್ತಿದ್ದರು. ಅಂಕವನ್ನು ನಾನು ಸಮರ್ಥಿಸುತ್ತಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಡಿ ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದು ಅಪರಾಧ. 2014ರ ಮೇ 7ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಮತ್ತೆ ಒತ್ತಿ ಹೇಳಿತು. ಬಾಳು ಬಿಗಿದ ಆ ಆಟ ನನಗೆ ರುಚಿಸುವುದೂ ಇಲ್ಲ. ಆದರೆ ಆ ಜನರಿಗಿದ್ದ ತಿಳಿವಳಿಕೆ ಬೇರೆ ಮಾತು.

ಅಂಕಕ್ಕೆ ಹೋಗದ ಸಾಮಾನ್ಯ ಮನೆಯ ಅಂಗಳದಲ್ಲಿ ಆಯ್ಕೆ ಇನ್ನೂ ನೇರವಾಗಿತ್ತು. ಒಂದು ಹಿಂಡಿಗೆ ಒಂದು ಹುಂಜ ಸಾಕು. ಹೇಂಟೆ ಕಾವು ಕೂತು ಎಬ್ಬಿಸಿದ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ಅವುಗಳಲ್ಲಿ ಒಂದೆರಡು ಉಳಿದು ಮಿಕ್ಕವೆಲ್ಲ ನೆಂಟರು ಬಂದಾಗ, ಹಬ್ಬದಲ್ಲಿ, ದೈವದ ಹರಕೆಯಲ್ಲಿ ಮುಗಿಯುತ್ತಿದ್ದವು. ಯಾವುದು ಮೊದಲು ಎಂಬ ಪ್ರಶ್ನೆ ಬಂದಾಗ ಮಕ್ಕಳನ್ನು ಅಟ್ಟಿಸಿಕೊಂಡು ಹೋಗುವ ಹುಂಜದ ಸರದಿ ಸಹಜವಾಗಿಯೇ ಮುಂದೆ ಬರುತ್ತಿತ್ತು. ಯಾರೂ ಅದನ್ನು ತಳಿಶಾಸ್ತ್ರವೆಂದು ಕರೆಯಲಿಲ್ಲ. ತಲೆಮಾರುಗಳ ಕಾಲ ಹೀಗೇ ನಡೆದುದರಿಂದ ಅಂಗಳದಲ್ಲಿ ಉಳಿದು ಸಂತಾನ ಬೆಳೆಸಿದ್ದು ಮನುಷ್ಯರ ಗೊಡವೆಗೆ ಬಾರದ ಹುಂಜಗಳು. ಹಿರಿಯರು ನೆನೆಯುವ ಊರಿನ ಸಾಧು ಹುಂಜದ ಗುಟ್ಟು ಇದರಲ್ಲಿ ಬಹುಪಾಲು ಇದೆ ಎಂದು ನನ್ನ ಊಹೆ. ಉಳಿದ ಪಾಲು ಮರಿಯ ಬಾಲ್ಯದ್ದು. ಊರಿನ ಮರಿ ತಾಯಿಯ ರೆಕ್ಕೆಯಡಿ ಬೆಳೆಯುತ್ತದೆ, ದೊಡ್ಡ ಹುಂಜದಿಂದ ಪೆಟ್ಟು ತಿನ್ನುತ್ತದೆ, ಹಿರಿಯ ಹೇಂಟೆಗಳಿಂದ ಕುಕ್ಕಿಸಿಕೊಳ್ಳುತ್ತದೆ. ತಾನು ಕೋಳಿ, ಈ ಎರಡು ಕಾಲಿನ ದೊಡ್ಡ ಪ್ರಾಣಿಗಳು ಬೇರೆ ಜಾತಿ ಎಂಬುದು ಅದಕ್ಕೆ ತಿಳಿದಿರುತ್ತದೆ.

ಕೋಳಿಗಳಲ್ಲಿ ಕುಕ್ಕುವ ಸರದಿಯೊಂದಿದೆ ಎಂಬುದನ್ನು ಜಗತ್ತಿಗೆ ತಿಳಿಸಿದವನು ನಾರ್ವೆಯ ಶೆಲ್ಡೆರುಪ್-ಎಬ್ಬೆ. ಬಾಲ್ಯದಲ್ಲಿಯೇ ಕೋಳಿಗಳನ್ನು ಗಮನಿಸತೊಡಗಿದ್ದ ಅವನು ಯಾವ ಕೋಳಿ ಯಾವುದನ್ನು ಕುಕ್ಕುತ್ತದೆಂದು ಬರೆದಿಡುತ್ತಿದ್ದ. 1922ರಲ್ಲಿ ಅದು ಪ್ರಬಂಧವಾಗಿ ಪ್ರಕಟವಾಯಿತು. ಜಪಾನಿನ ನಗೋಯಾ ವಿಶ್ವವಿದ್ಯಾನಿಲಯದವರು 2015ರಲ್ಲಿ ಇನ್ನೊಂದು ಸ್ವಾರಸ್ಯವನ್ನು ಕಂಡರು: ಬೆಳಗಿನ ಜಾವ ಮೊದಲು ಕೂಗುವ ಹಕ್ಕು ಹಿಂಡಿನ ಮೊದಲ ಸ್ಥಾನದ ಹುಂಜದ್ದು, ಉಳಿದವು ತಮ್ಮ ತಮ್ಮ ಸ್ಥಾನಕ್ಕೆ ಅನುಸಾರವಾಗಿ ಆಮೇಲೆ ಕೂಗುತ್ತವೆ. ತನ್ನ ಕೋಳಿ ಕೂಗದಿದ್ದರೆ ಬೆಳಗೇ ಆಗದೆಂದು ಕೋಳಿಯನ್ನೆತ್ತಿಕೊಂಡು ಊರು ಬಿಟ್ಟ ನಮ್ಮ ಕಥೆಯ ಮುದುಕಿಗೂ ಅವಳ ಹುಂಜಕ್ಕೂ ಸ್ವಭಾವದಲ್ಲಿ ಅಂಥ ವ್ಯತ್ಯಾಸವೇನೂ ಇರಲಿಲ್ಲವೆಂದಾಯಿತು.

ಇನ್ನು ಮುಂಬಯಿಗೆ ಬರೋಣ. ಈ ನಗರ ಪ್ರಾಣಿಗಳನ್ನು ಒಂದೊಂದಾಗಿ ಹೊರಕ್ಕೆ ದಾಟಿಸುತ್ತ ಬೆಳೆದದ್ದು. 1888ರ ಮುಂಬಯಿ ಮುನಿಸಿಪಲ್ ಕಾರ್ಪೊರೇಷನ್ ಕಾಯಿದೆಯ 384ನೆಯ ಕಲಮು ಮೊದಲು ಹಂದಿಯನ್ನು ಹೆಸರಿಸಿ ಕಮಿಷನರರ ಲಿಖಿತ ಅನುಮತಿಯಿಲ್ಲದೆ ಸಾಕಕೂಡದೆನ್ನುತ್ತದೆ. ಅದರ ಬೆನ್ನಿಗೇ, ಯಾವುದೇ ಪ್ರಾಣಿಯನ್ನು ಪರರಿಗೆ ಉಪದ್ರವವಾಗುವಂತೆ ಅಥವಾ ಅಪಾಯವಾಗುವಂತೆ ಇಟ್ಟುಕೊಳ್ಳಬಾರದೆನ್ನುತ್ತದೆ. ಕೋಳಿಯ ಹೆಸರಿಲ್ಲದಿದ್ದರೂ ಈ ಎರಡು ವಿಶೇಷಣಗಳು ಹುಂಜಕ್ಕೆ ಹೇಳಿ ಹೊಲಿಸಿದ ಅಂಗಿಯಂತಿವೆ: ಕೂಗಿನಿಂದ ಉಪದ್ರವ, ಮುಳ್ಳಿನಿಂದ ಅಪಾಯ. ಸ್ವಾತಂತ್ರ್ಯದ ಬೆನ್ನಿಗೆ ಎಮ್ಮೆಗಳ ಸರದಿ ಬಂತು. ನಗರದ ತಬೇಲೆಗಳನ್ನು ಎಬ್ಬಿಸಿ ಗೋರೆಗಾಂವಿನ ಆರೆ ಕಾಲನಿಗೆ ಸಾಗಿಸಲಾಯಿತು; 1949ರಲ್ಲಿ ಆರಂಭವಾದ ಆ ಯೋಜನೆಯ ಹಿಂದಿದ್ದವರು ದಾರಾ ಖುರೋಡಿ. ಕೇಂದ್ರ ಸರಕಾರದ ಕುಕ್ಕುಟ ಅಭಿವೃದ್ಧಿ ಸಂಸ್ಥೆಯ ಪಶ್ಚಿಮ ವಲಯದ ಕೇಂದ್ರವೂ ಅದೇ ಆರೆಯಲ್ಲಿ ನೆಲೆಗೊಂಡಿತು. ನಮ್ಮ ಬೆಂಗಳೂರಿನ ಹೆಸರಘಟ್ಟದಲ್ಲಿರುವುದು ಅದರದೇ ದಕ್ಷಿಣದ ಕೇಂದ್ರ.

ಆಗ ಇಲ್ಲಿಗೆ ಬಂದ ನಮ್ಮವರಿಗೆ ಅಂಗಳವೆಲ್ಲಿತ್ತು! ಹೊಟೇಲಿನ ಮಾಳಿಗೆ, ಚಾಳಿನ ಖೋಲಿ, ರಾತ್ರಿಶಾಲೆ. ಫೋರ್ಟಿನ ಹೊಟೇಲುಗಳಲ್ಲಿ ಕೋರಿ ರೊಟ್ಟಿಯಾಗಿ ಬಂದ ಕೋಳಿಯೇ ಕೋಳಿ. ಸಜೀವ ಹುಂಜವನ್ನು ನೋಡಬೇಕಾದರೆ ಕ್ರಾಫರ್ಡ್ ಮಾರ್ಕೆಟ್ಟಿನ ಪಂಜರಗಳ ಸಾಲಿಗೋ ವರ್ಸೋವಾದ ಕೋಳಿವಾಡಕ್ಕೋ ಹೋಗಬೇಕಿತ್ತು. (ಕೋಳಿವಾಡದ ‘ಕೋಳಿ’ ಮೀನುಗಾರ ಜನಾಂಗದ ಹೆಸರು, ಹೊಸದಾಗಿ ಬಂದ ಕನ್ನಡಿಗ ಆ ಫಲಕವನ್ನೋದಿ ಏನು ಭಾವಿಸಿರಬಹುದೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.)

ಇದೇ ಕಾಲದಲ್ಲಿ ಕೋಳಿಯ ಲೋಕ ಎರಡಾಗಿ ಸೀಳಿತು. ಮೊಟ್ಟೆಗೆ ಒಂದು ತಳಿ, ಮಾಂಸಕ್ಕೆ ಇನ್ನೊಂದು. ಮೊಟ್ಟೆಯ ತಳಿಯಲ್ಲಿ ಗಂಡಿಗೆ ಕೆಲಸವೇ ಇಲ್ಲ. ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆಯಿಡುತ್ತದೆ, ಅದರಿಂದ ಮರಿಯಾಗದು ಅಷ್ಟೇ. ಒಂದು ದಿನದ ಮರಿಯ ಗಂಡುಹೆಣ್ಣು ಗುರುತಿಸುವ ವಿದ್ಯೆಯನ್ನು 1920ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಕೊಂಡಿದ್ದರು. ಆ ವಿದ್ಯೆ ಹ್ಯಾಚರಿಗಳಿಗೆ ಬಂದ ಮೇಲೆ ಗಂಡುಮರಿಗಳನ್ನು ಹುಟ್ಟಿದ ದಿನವೇ ಬೇರ್ಪಡಿಸಿ ಕೊಲ್ಲುವುದು ಜಗತ್ತಿನೆಲ್ಲೆಡೆ ರೂಢಿಯಾಯಿತು. 1971ರಲ್ಲಿ ಬಿ. ವಿ. ರಾವ್ ಅವರು ಕಟ್ಟಿದ ವೆಂಕಟೇಶ್ವರ ಹ್ಯಾಚರೀಸ್, 1982ರಲ್ಲಿ ರೂಪುಗೊಂಡ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ, ದೂರದರ್ಶನದ ಜಾಹೀರಾತುಗಳು, ಇವೆಲ್ಲ ಸೇರಿ ಮೊಟ್ಟೆಯನ್ನು ದಿನಸಿ ಅಂಗಡಿಯ ಸಾಮಾನಾಗಿ ಮಾಡಿದವು. ಹುಂಜ ನಗರವಾಸಿಯ ಬದುಕಿನಿಂದ ಮರೆಯಾಯಿತು.

ಮರೆಯಾದದ್ದು ಹಿಂಬಾಗಿಲಿನಿಂದ ಮರಳಿತು. ಜಾತ್ರೆಯಲ್ಲಿ, ಶಾಲೆಯ ಗೇಟಿನ ಹೊರಗೆ, ರೈಲು ನಿಲ್ದಾಣದ ಬಳಿ ಬಿದಿರಿನ ಬುಟ್ಟಿಯಲ್ಲಿ ಗುಲಾಬಿ, ಹಸುರು, ನೀಲಿ ಬಣ್ಣ ಹಚ್ಚಿದ ಮರಿಗಳನ್ನು ಮಾರುವವರನ್ನು ನಾವೆಲ್ಲ ಕಂಡಿದ್ದೇವೆ. ಅವು ಬಹುತೇಕ ಹ್ಯಾಚರಿಗಳು ಬೇಡವೆಂದ ಗಂಡುಮರಿಗಳು. ಹೆಚ್ಚಿನವು ವಾರದೊಳಗೆ ಸಾಯುತ್ತವೆ. ಬದುಕಿದ ಒಂದನ್ನು ಮಗು ಅಂಗೈಯಲ್ಲಿಟ್ಟು ಅಕ್ಕಿನುಚ್ಚು ತಿನ್ನಿಸುತ್ತದೆ, ಹೆಸರಿಡುತ್ತದೆ, ಪಕ್ಕದಲ್ಲಿ ಮಲಗಿಸಿಕೊಳ್ಳುತ್ತದೆ. ಆ ಮರಿ ತಾಯಿಯನ್ನು ಕಂಡಿಲ್ಲ, ಹಿರಿಯ ಹುಂಜದ ಪೆಟ್ಟು ತಿಂದಿಲ್ಲ, ಹೇಂಟೆಯನ್ನು ನೋಡಿಯೇ ಇಲ್ಲ. ಅದರ ಹಿಂಡೆಂದರೆ ಈ ಮನೆಯವರು. ನಾಲ್ಕೈದು ತಿಂಗಳಲ್ಲಿ ಪ್ರಾಯ ಬಂದಾಗ ಹಿಂಡಿನಲ್ಲಿ ತನ್ನ ಸ್ಥಾನವನ್ನು ಗೆಲ್ಲಲು ಹೊರಡುತ್ತದೆ. ಎಲ್ಲರಿಗಿಂತ ಕುಳ್ಳಗಿರುವ, ಓಡಾಡುವ, ಕಿರುಚುವ, ಕಣ್ಣಲ್ಲಿ ಕಣ್ಣಿಟ್ಟು ನೋಡುವ ಮಗು ಅದಕ್ಕೆ ಮೊದಲ ಪ್ರತಿಸ್ಪರ್ಧಿ. ಪ್ರೀತಿಯಿಂದ ಸಾಕಿದ್ದಕ್ಕೆ ಇದೇ ಫಲವೇ ಎಂದು ಮನೆಯವರು ನೊಂದುಕೊಳ್ಳುತ್ತಾರೆ. ಹುಂಜದ ಪಾಲಿಗೆ ಅಲ್ಲಿ ಕೃತಘ್ನತೆಯೇನೂ ನಡೆದಿಲ್ಲ.

ಬಣ್ಣದ ಮರಿಯ ಬದಲು ತಿಳಿದು ಕೊಂಡ ಗಿರಿರಾಜವಾದರೂ ಕಥೆ ಪೂರ್ತಿ ಬೇರೆಯಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಹಿತ್ತಿಲ ಸಾಕಣೆಗೆಂದೇ 1989ರಲ್ಲಿ ಕೊಟ್ಟ ಈ ತಳಿ ಊರಕೋಳಿಗಿಂತ ಬಹಳ ತೂಕದ್ದು. ತೂಕದ ಹುಂಜ ಹಾರಿ ಬಡಿದರೆ ಪೆಟ್ಟಿನ ಲೆಕ್ಕವೇ ಬೇರೆ. ಹಿತ್ತಿಲ ಕೋಳಿ ಕ್ಷೀಣಿಸುತ್ತಿರುವ ಹವ್ಯಾಸವೆಂದು ಯಾರೂ ತಿಳಿಯಬೇಕಿಲ್ಲ: 2019ರ ಜಾನುವಾರು ಗಣತಿಯಲ್ಲಿ ದೇಶದ ಸುಮಾರು 85 ಕೋಟಿ ಕೋಳಿ ಮತ್ತಿತರ ಸಾಕುಹಕ್ಕಿಗಳಲ್ಲಿ 31 ಕೋಟಿಗೂ ಹೆಚ್ಚು ಹಿತ್ತಿಲಿನವು, ಹಿಂದಿನ ಗಣತಿಗಿಂತ ಶೇಕಡ 45ರಷ್ಟು ಅಧಿಕ.

ಪೆಟ್ಟನ್ನು ಹಗುರವಾಗಿ ಕಾಣಬಾರದು. ಹುಂಜದ ಕಾಲಿನ ಹಿಂಬದಿಯ ಮುಳ್ಳು ಒಳಗೆ ಎಲುಬು, ಹೊರಗೆ ಕೊಂಬಿನಂಥ ಕವಚ. ಹಕ್ಕಿಗೆ ವಯಸ್ಸಾದಂತೆ ಅದು ಉದ್ದವಾಗಿ ಚೂಪಾಗುತ್ತದೆ. ಹುಂಜ ಹಾರಿ ಒದೆಯುವ ಎತ್ತರಕ್ಕೂ ಮೂರು ವರ್ಷದ ಮಗುವಿನ ಮುಖಕ್ಕೂ ಅಂತರ ಬಹಳವಿಲ್ಲ, ಅದೇ ಭಯ. ದಕ್ಷಿಣ ಆಸ್ಟ್ರೇಲಿಯದಲ್ಲಿ ವೃದ್ಧೆಯೊಬ್ಬರು ಕಾಲಿನ ಉಬ್ಬಿದ ನರಕ್ಕೆ ಹುಂಜ ಕುಕ್ಕಿ ರಕ್ತಸ್ರಾವದಿಂದ ತೀರಿಕೊಂಡ ಪ್ರಕರಣ 2019ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ಅದು ತೀರ ಅಪರೂಪ. ಕಣ್ಣಿನ ಗಾಯ ಅಷ್ಟು ಅಪರೂಪವಲ್ಲ. ಗಾಯವಾದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು, ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂದು ವೈದ್ಯರನ್ನು ಕೇಳಬೇಕು. ಕಣ್ಣಿನ ಹತ್ತಿರವಾದರೆ ಕಾಯದೆ ಕಣ್ಣಿನ ಡಾಕ್ಟರಲ್ಲಿಗೆ ಹೋಗಬೇಕು. ರೇಬಿಸ್ ಸಸ್ತನಿಗಳ ರೋಗವಾದುದರಿಂದ ಆ ಭಯ ಬೇಡ.

ಹುಂಜವನ್ನು ಒದೆಯುವುದು, ಕೋಲಿನಿಂದ ಹೊಡೆಯುವುದು ನಮ್ಮಲ್ಲಿ ಅನೇಕರು ಮೊದಲು ಮಾಡುವ ಕೆಲಸ. ಅಂಕವನ್ನು ಬಲ್ಲವರು ಹಾಗೆ ಮಾಡಲಾರರು. ಒದೆತ ಅದಕ್ಕೆ ಎದುರಾಳಿಯ ಉತ್ತರವಾಗಿ ಕೇಳಿಸುತ್ತದೆ, ಕಾಳಗ ಮುಂದುವರಿಯುತ್ತದೆ. ರೆಕ್ಕೆಯೊಂದನ್ನು ಇಳಿಬಿಟ್ಟು ಓರೆಯಾಗಿ ಸುತ್ತತೊಡಗಿದರೆ ಅದು ಸವಾಲು. ಆಗ ದೊಡ್ಡವರು ಓಡದೆ, ಹಿಂದೆ ಸರಿಯದೆ ನಿಲ್ಲಬೇಕು, ಮಗುವನ್ನು ಎತ್ತಿಕೊಳ್ಳಬೇಕು. ಹಿಡಿಯಲು ಬರುವವರು ಅದನ್ನು ಕಂಕುಳಲ್ಲಿ ಅವುಚಿ, ರೆಕ್ಕೆ ಬಿಚ್ಚದಂತೆ ಹಿಡಿದು, ಅದು ಸೋತು ಸುಮ್ಮನಾಗುವ ತನಕ ನಡೆದಾಡುವುದು ಹಳೆಯ ಕ್ರಮ. ಎಂಟು ಹತ್ತು ಹೇಂಟೆಗಳಿದ್ದರೆ ಅದರ ಗಮನ ಅತ್ತ ಹೋಗುತ್ತದೆ. ಮುಳ್ಳಿನ ತುದಿಯನ್ನು ಅರದಿಂದ ಉಜ್ಜಿ ಮೊಂಡಾಗಿಸಬಹುದು. ಮಕ್ಕಳು ಕಲ್ಲೆಸೆದು ಕೆಣಕದಂತೆ ನೋಡಿಕೊಳ್ಳುವುದೂ ದೊಡ್ಡವರ ಕೆಲಸವೇ. ಇಷ್ಟಾದರೂ ಮಗುವಿದ್ದ ಮನೆಯಲ್ಲಿ ಹುಂಜಕ್ಕೂ ಮಗುವಿಗೂ ನಡುವೆ ಜಾಲರಿಯ ಬೇಲಿ ಇರಲೇಬೇಕೆಂಬುದು ನನ್ನ ಅಭಿಪ್ರಾಯ. ಮೊಟ್ಟೆಯಷ್ಟೇ ಬೇಕಾದವರು ಹುಂಜವನ್ನು ಸಾಕುವುದೇ ಬೇಡ.

ಬೇಲಿಗೂ ಬಗ್ಗದ ಹುಂಜವನ್ನು ಏನು ಮಾಡುವುದು? ಊರಿನ ಉತ್ತರ ನಗರದಲ್ಲಿ ನಡೆಯುವುದಿಲ್ಲ. ವಾರಕ್ಕೊಮ್ಮೆ ಅಂಗಡಿಯಿಂದ ಕೋಳಿ ತರುವ ಮನೆಯವರೂ ಹೆಸರಿಟ್ಟು ಸಾಕಿದ್ದನ್ನು ಕೊಲ್ಲಲಾರರು. ಜನ್ನನ ‘ಯಶೋಧರ ಚರಿತೆ’ ನೆನಪಾಗುವುದು ಇಲ್ಲಿಯೇ. 1209ರಲ್ಲಿ ಹೊಯ್ಸಳರ ಆಶ್ರಯದಲ್ಲಿ ರಚಿತವಾದ ಆ ಕಾವ್ಯದಲ್ಲಿ ತಾಯಿಯ ಒತ್ತಾಯಕ್ಕೂ ಅಹಿಂಸೆಯ ವ್ರತಕ್ಕೂ ನಡುವೆ ಸಿಕ್ಕಿದ ಅರಸ ಹಿಟ್ಟಿನ ಹುಂಜವನ್ನು ಮಾಡಿಸಿ ಮಾರಿಗೆ ಬಲಿ ಕೊಡುತ್ತಾನೆ. ಕತ್ತಿ ತಾಗಿದಾಗ ಹಿಟ್ಟಿನ ಹುಂಜ ಕೂಗುತ್ತದೆ. ಸಂಕಲ್ಪದ ಪಾಪಕ್ಕೆ ತಾಯಿಮಗ ಇಬ್ಬರೂ ಜನ್ಮಜನ್ಮಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ, ಒಮ್ಮೆ ಕೋಳಿಗಳೇ ಆಗಿ ಸಾಯುತ್ತಾರೆ. ಮಾಥೇರಾನಿನಲ್ಲಿ ಹುಟ್ಟಿದ ಗಿರೀಶ ಕಾರ್ನಾಡರು 1980ರಲ್ಲಿ ‘ಹಿಟ್ಟಿನ ಹುಂಜ’ವನ್ನು ನಾಟಕವಾಗಿಸಿದರು. ಕೈಗೆ ರಕ್ತ ಅಂಟದಂತೆ ಕೊಲ್ಲುವ ಉಪಾಯ ಹುಡುಕುವುದರಲ್ಲಿ ನಾವು ಆ ಅರಸನ ಒಕ್ಕಲೇ. ಪೊಟ್ಟಣದಲ್ಲಿ ಕಟ್ಟಿ ಕೊಡುವ ಮಾಂಸ ನಮ್ಮ ಹಿಟ್ಟಿನ ಹುಂಜ. ಬೇಡವಾದ ಹುಂಜವನ್ನು ರಾತ್ರಿ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ಬಿಟ್ಟುಬಂದು ‘ಕಾಡಿಗೆ ಬಿಟ್ಟೆವು’ ಎನ್ನುವುದು ಇನ್ನೊಂದು. ಚಿರತೆ ತಿನ್ನುತ್ತದೆಂದು ಬಿಟ್ಟವರಿಗೆ ತಿಳಿಯದೆ? ಸಾಕುಹಕ್ಕಿಯ ರೋಗವನ್ನು ಕಾಡುಹಕ್ಕಿಗಳ ನಡುವೆ ಬಿಡುವುದೂ ಸರಿಯಲ್ಲ. 2006ರ ಫೆಬ್ರವರಿಯಲ್ಲಿ ದೇಶದ ಮೊದಲ ಹಕ್ಕಿಜ್ವರ ನಮ್ಮ ರಾಜ್ಯದ ನವಾಪುರದಲ್ಲಿಯೇ ಕಾಣಿಸಿಕೊಂಡು, ಹಿತ್ತಿಲ ಕೋಳಿಗಳನ್ನೂ ಸಾಮೂಹಿಕವಾಗಿ ಕೊಲ್ಲಬೇಕಾಯಿತು.

ಕೊಂದು ತಿನ್ನುವವರು ತಿನ್ನಲಿ. ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಆಗದವರಿಗೆ ಉತ್ತನ್, ಗೊರಾಯಿ, ವಸಯಿಗಳ ಹಳೆಯ ವಾಡಿಗಳಲ್ಲಿ ಇಂದಿಗೂ ದೊಡ್ಡ ಹಿಂಡು ಸಾಕುವ ಮನೆಗಳಿವೆ. ಹೇಂಟೆಗಳಿಗೆ ಹುಂಜ ಬೇಕಾದವರು ಒಯ್ಯುತ್ತಾರೆ. ಒಯ್ದವರು ಅದನ್ನು ಸಾಕಬಹುದು, ಅಡುಗೆ ಮಾಡಲೂಬಹುದು. ಮನೆಯ ಮಗು ಕೇಳಿದರೆ ಎರಡನ್ನೂ ಹೇಳಬೇಕು. ಕೊಡುವಾಗ, ಇದು ಮಕ್ಕಳ ಮೇಲೆ ಎರಗುವ ಹುಂಜವೆಂಬುದನ್ನು ಮುಚ್ಚಿಡಬಾರದು. ಆ ಅಂಗಳದಲ್ಲೂ ಮಕ್ಕಳು ಆಡುತ್ತಿರುತ್ತಾರೆ.